ಹನ್ನೊಂದು ಸಾಲಿನ ಜಾಗ

ದುರ್ಗಿಗುಡಿಯಲ್ಲಿ, ಬಟ್ಟೆ ಅಂಗಡಿಯ ಮಹಡಿ ಮೇಲೆ
ನಮ್ಮ ಸಂಜೆ ಪತ್ರಿಕೆ.
ಮೂರನೇ ಪುಟದ ಮೂಲೆಗೆ ‘ಈ ದಿನ, ಹಿಂದೆ’
ಹನ್ನೊಂದು ಸಾಲು.
ಕೆಳಗೆ ಪಂಪ್‌ಸೆಟ್ ರಿಪೇರಿಯ ಜಾಹೀರಾತು.
ವರ್ಷದ ದುಡ್ಡು ಮೊದಲೇ ಕೊಟ್ಟವರು,
ಒಂದು ನೂಲೂ ಕೆಳಗೆ ಸರಿಯುವುದಿಲ್ಲ.

ಇವತ್ತು ಏಪ್ರಿಲ್ ಹದಿನೈದು.
ಅಮೆರಿಕದವರಿಗೆ ಈ ತಾರೀಖಿನ ಮೇಲೆ ಎಂಥ ಹಟವೋ,
ಎಲ್ಲವನ್ನೂ ಇದರಲ್ಲೇ ತುರುಕಿಟ್ಟಿದ್ದಾರೆ
ಮದುವೆಗೆ ಹೊರಟವರ ಟ್ರಂಕಿನ ಹಾಗೆ.

ಸಾವಿರದ ಎಂಟುನೂರ ಅರವತ್ತೈದು:
ನಾಟಕ ನೋಡಲು ಹೋಗಿ ಗುಂಡು ತಿಂದ ಅಧ್ಯಕ್ಷ
ಎದುರುಮನೆಯ ಬಾಡಿಗೆ ಕೋಣೆಯಲ್ಲಿ ಬೆಳಿಗ್ಗೆ ತೀರಿಕೊಂಡ.
ಆಳು ಉದ್ದ, ಮಂಚ ಗಿಡ್ಡ,
ಓರೆಯಾಗಿ ಮಲಗಿಸಬೇಕಾಯಿತಂತೆ.

ಹತ್ತೊಂಬೈನೂರ ಹನ್ನೆರಡು:
ನ್ಯೂಯಾರ್ಕ್ ಸೇರಬೇಕಿದ್ದ ಹಡಗು ಮುಳುಗಿತು.
ಇದನ್ನು ಬಿಟ್ಟರೆ ಓದುಗರು ಫೋನ್ ಮಾಡುತ್ತಾರೆ.

ಎರಡು ಸಾವಿರದ ಹದಿಮೂರು: ಬಾಸ್ಟನ್ ಮ್ಯಾರಥಾನ್.
ಕೊನೆಯ ಗೆರೆಯ ಹತ್ತಿರ ಬಾಂಬು.
ಗೆದ್ದವರು ಗೆದ್ದು ಎರಡು ತಾಸು ದಾಟಿತ್ತು,
ಆಗ ಬರುತ್ತಿದ್ದವರು
ಸುಮ್ಮನೆ ಮುಗಿಸಬೇಕೆಂದು ಓಡಿದವರು.

ನಲವತ್ತೇಳು: ಬೇಸ್‌ಬಾಲ್.
ಅರವತ್ತು ವರ್ಷ ಕಪ್ಪು ಜನಕ್ಕೆ ಮುಚ್ಚಿದ್ದ ದೊಡ್ಡ ಲೀಗಿಗೆ
ಜಾಕಿ ರಾಬಿನ್‌ಸನ್ ಇಳಿದ ದಿನ.

ಎಣಿಸಿದೆ. ಹದಿನಾಲ್ಕು ಸಾಲು.

ಕಾಮತರು ಕನ್ನಡಕ ಹಣೆಗೇರಿಸಿ ಬಗ್ಗಿದರು:
“ಬೇಸ್‌ಬಾಲ್ ಹಾರಿಸು ಸಣ್ಣಮ್ಮ,
ಶಿವಮೊಗ್ಗದಲ್ಲಿ ಯಾರಿಗೆ ಗೊತ್ತು ಆ ಆಟ?
ಹೋಗಲಿ, ಅವನು ಅವತ್ತು ಎಷ್ಟು ಹೊಡೆದ?”
ಏಜೆನ್ಸಿಯ ಕಾಗದ ತಿರುವಿದೆ.
“ಒಂದೂ ಇಲ್ಲ ಸಾರ್. ಬೀಸಿದ್ದು ಕೂಡಿಬರಲಿಲ್ಲ.
ಎದುರಿನವರ ಎಡವಟ್ಟಿನಿಂದ ಒಮ್ಮೆ ದಾಟಿಕೊಂಡ,
ಒಂದು ರನ್ನು ಸಿಕ್ಕಿತು.”
“ಸೊನ್ನೆ ಹೊಡೆದವನಿಗೆ
ಮೂರು ಸಾಲು ಎಂತಕ್ಕೆ ಮಾರಾಯ್ತಿ?”

ಕರೆಂಟು ಹೋಯಿತು. ಯುಪಿಎಸ್ಸು ಕೂಗತೊಡಗಿತು.
ನಾನು ಕತ್ತಲ ಪರದೆಯ ಮುಂದೆ ಕೂತೇ ಇದ್ದೆ.

ಆಯನೂರಿನ ಮೈದಾನ. ತಾಲೂಕು ಖೋಖೋ.
ನಮ್ಮ ಕೇರಿಯಿಂದ ತಂಡಕ್ಕೆ ಸೇರಿದವಳು ನಾನೇ ಮೊದಲು.
ನಿಂಗೋಜಿ ಮೇಷ್ಟ್ರು ಹೆಸರು ಬರೆದಾಗ
ಯಾರೂ ಎದುರು ಮಾತಾಡಿರಲಿಲ್ಲ.
ಎಂಟು ಚೌಕದಲ್ಲಿ ಐದನೆಯದು ನನ್ನದು.
ಕಾಲ ಹೆಬ್ಬೆರಳು ಮಣ್ಣು ಕಚ್ಚಿ ಕೂತೆ,
ಬೆನ್ನು ಪೂರ್ತಿ ಕಿವಿಯಾಗಿ.

ಖೋ ನನ್ನ ಎಡಕ್ಕೆ ಬಿತ್ತು. ಬಲಕ್ಕೆ ಬಿತ್ತು.
ಹಿಂದೆ ಬಂದ ಹೆಜ್ಜೆಗಳು
ಒಂದು ಗಳಿಗೆ ನಿಧಾನಿಸಿ ಮುಂದಿನ ಚೌಕಕ್ಕೆ ಹೋದವು.
ಆ ಆಟದಲ್ಲಿ ಬೆನ್ನು ಮುಟ್ಟಬೇಕು, ಖೋ ಅನ್ನಬೇಕು.
ಅನ್ನುವುದು ಯಾರಿಗೂ ಕಷ್ಟವಿರಲಿಲ್ಲ.

ಆರು ನಿಮಿಷ ಹೀಗೆ. ಮೇಷ್ಟ್ರ ಸೀಟಿ ಬಾಯಲ್ಲೇ ಇತ್ತು.

ಕೊನೆಗೆ ಒಂದು ಅಂಗೈ,
ಬೆವರಿಗೆ ಒದ್ದೆ, ಸಣ್ಣದು, ಬಿದ್ದದ್ದು ಗಟ್ಟಿಯಾಗಿ:
ಖೋ!
ಎದ್ದೆ. ತಿರುಗಿ ನೋಡುವಂತಿಲ್ಲ, ಫೌಲು.
ಕಂಬದವರೆಗೆ ಓಡಿದೆ, ಕಂಬ ಸುತ್ತಿ ಓಡಿದೆ,
ಯಾರನ್ನೂ ಹಿಡಿಯಲಿಲ್ಲ.
ಸೀಟಿ. ನಾವು ಸೋತೆವು.
ವಾಪಸು ಬಸ್ಸಿನಲ್ಲಿ ಎಲ್ಲರ ಕೈ ನೋಡುತ್ತ ಬಂದೆ.
ಕಡಲೆಕಾಯಿ ಸುಲಿಯುವ ಕೈ, ಕಿಟಕಿಯ ಸರಳು ಹಿಡಿದ ಕೈ,
ಜಡೆ ಬಿಚ್ಚಿ ಮತ್ತೆ ಹೆಣೆಯುವ ಕೈ.
ಯಾವುದೂ ಬಾಯಿ ಬಿಡಲಿಲ್ಲ.

ಕರೆಂಟು ಬಂತು.
ಅಧ್ಯಕ್ಷನ ಮಂಚ ತೆಗೆದೆ.
ಹಡಗನ್ನು ಒಂದೇ ಸಾಲಿಗೆ ಇಳಿಸಿದೆ.
ಬಾಸ್ಟನ್ನಿನವರನ್ನು ಮುಟ್ಟಲಿಲ್ಲ.
ರಾಬಿನ್‌ಸನ್ನನ ಮೂರೂ ಸಾಲು ಉಳಿದವು,
‘ಅಂದು ಒಂದೂ ಹೊಡೆತ ದಕ್ಕಲಿಲ್ಲ’ ಎಂಬುದೂ ಸೇರಿ.
ಕಾಮತರು ಏನೋ ಹೇಳಲು ಬಾಯಿ ತೆರೆದು
ಗಡಿಯಾರ ನೋಡಿ ಸಹಿ ಹಾಕಿದರು.

ಆಯನೂರಿನ ಆ ದಿನ ಯಾವ ತಾರೀಖೋ.
ಮಳೆಗಾಲ ಮುಗಿದಿತ್ತು, ಮಣ್ಣು ಇನ್ನೂ ಮೆತ್ತಗಿತ್ತು.
ಏಜೆನ್ಸಿಯವರನ್ನು ಕೇಳಿ ಪ್ರಯೋಜನವಿಲ್ಲ.

ನಾಳೆ ಈ ಪುಟ
ಗೋಪಿ ಸರ್ಕಲ್ಲಿನಲ್ಲಿ ಮಂಡಕ್ಕಿ ಪೊಟ್ಟಣವಾಗುತ್ತದೆ.
ಬಿಚ್ಚುವ ಕೈ ಯಾರದೋ.